ಕೇಬಲ್ಲಿನ ಆಚೆ ತುದಿ

ಪ್ರೀತಿಯ ಸೊಸೆ ಶರಣ್ಯಾಳಿಗೆ ತಲ್ಲೂರಿನಿಂದ ಪಾಂಡು ಮಾವ ಮಾಡುವ ಆಶೀರ್ವಾದಗಳು.

ಕಾಗದ ಕಂಡು ನಗಬೇಡ. ಫೋನಿನಲ್ಲಿ ಸ್ವಿಚ್ಚು ಎನ್ನುವ ಶಬ್ದ ನನ್ನ ಬಾಯಿಗೆ ಬಂದ ಕೂಡಲೇ ನೀನು "ಮಾವ, ಗಿರಾಕಿ ಬಂದ್ರ್, ಮತ್ತೆ ಮಾಡ್ತೆ" ಎಂದು ಇಟ್ಟುಬಿಡುತ್ತೀ. ಮುಂಬೈಯ ಆ ಹೋಟೆಲಿನ ಗಲ್ಲೆಗೆ ನಾನು ಸ್ವಿಚ್ಚು ಎಂದಾಗಲೇ ಗಿರಾಕಿಗಳು ಮುಗಿಬೀಳುವುದು ಹೇಗೋ, ದೇವರಿಗೇ ಗೊತ್ತು. ಕಾಗದವನ್ನಾದರೆ ಅರ್ಧದಲ್ಲಿ ಇಡಲಿಕ್ಕಾಗದು. ಪೂರ್ತಿ ಓದು.

ಮರವಂತೆಯಲ್ಲಿ ಮೀನು ಮಾರುವ ಹೆಂಗಸರ ಸಂಘದ ಕೋಲ್ಡ್ ಸ್ಟೋರೇಜಿಗೆ ನಾವಿಬ್ಬರೂ ಕೇಬಲ್ ಎಳೆದ ದಿನ ನೆನಪಿದೆಯಾ? ಆಫೀಸಿನಲ್ಲಿ ಕಂಪ್ಯೂಟರಿನ ವಯರುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಡಬ್ಬಿಯೊಂದು, ಅಂಗಳದ ಆಚೆ ಮೀನಿನ ಶೆಡ್ಡಿನಲ್ಲೊಂದು, ನಡುವೆ ಒಂದೇ ಕೇಬಲ್. ನಿನ್ನ ಅಮ್ಮ, ನನ್ನ ಉಮಾವತಿ ಅಕ್ಕ, ಬುಟ್ಟಿ ಇಳಿಸಿ ಕೇಳಿದಳು, "ಆಫೀಸಿಂದು, ತೂಕದ್ದು, ಥಂಡಿ ಅಳತೆದ್ದು ಎಲ್ಲ ಒಂದೇ ವಯರಂಗೆ ಹೋದ್ರೆ ಕಲ್ಸಿ ಹೋತಿಲ್ಲ್ಯಾ?" ನಾನು ವಿಎಲ್ಯಾನು, ಟ್ರಂಕ್ ಪೋರ್ಟು ಎಂದು ಶುರು ಮಾಡಿ ತೊದಲುತ್ತಿದ್ದೆ. ನೀನು ನನ್ನನ್ನು ಬದಿಗೆ ಸರಿಸಿ ಹೇಳಿದೆ, "ಅಮ್ಮ, ನಿಮ್ ಟೆಂಪೋ ಇತ್ತಲ್ದಾ, ಹಾಂಗೇ." ಒಂದೇ ಟೆಂಪೋದಲ್ಲಿ ಎಲ್ಲರ ಪೆಟ್ಟಿಗೆ ಹೋಗುತ್ತದೆ. ಅಕ್ಕನ ಪೆಟ್ಟಿಗೆಗೆ ಹಸಿರು ಚಿಂದಿ, ಸಂಘದ ಗಿರಿಜಕ್ಕನದಕ್ಕೆ ಕೆಂಪು. ಚಿಂದಿ ನೋಡಿ ಇಳಿಸಿದರೆ ಯಾರದ್ದೂ ಯಾರಿಗೂ ಹೋಗುವುದಿಲ್ಲ. ಸ್ವಿಚ್ಚಿನಲ್ಲಿ ಬಣ್ಣದ ಬದಲು ನಂಬರು. ಯಾವ ನಂಬರಿಗೆ ಜಾಗ ಎನ್ನುವ ಪಟ್ಟಿ ಆ ಕೇಬಲ್ ಸಿಕ್ಕಿಸುವ ಎರಡು ಕಡೆಯ ಟ್ರಂಕ್ ಪೋರ್ಟಿನಲ್ಲೂ ಇರಬೇಕು, ಅಷ್ಟೇ. ಅಕ್ಕ ತಲೆಯಾಡಿಸಿದ ಠೀವಿ ನಿನಗೆ ನೆನಪಿರಬೇಕು, ಕೇಬಲ್ಲನ್ನು ಅವಳೇ ಕಂಡುಹಿಡಿದ ಹಾಗೆ.

ನಮ್ಮದೊಂದು ಕ್ರಮವಿತ್ತು. ಟ್ರಂಕ್ ಪೋರ್ಟಿಗೆ ಕೈ ಹಾಕುವ ಮೊದಲು ನಾನು ಈಚೆ ತುದಿಯಲ್ಲಿ, ನೀನು ಆಚೆ ತುದಿಯಲ್ಲಿ, ಕಿವಿಗೆ ಫೋನು. ಒಬ್ಬರು ಇರುವ ಪಟ್ಟಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತಿರುಗಿ ಹೇಳುವುದು. ಹತ್ತು, ಇಪ್ಪತ್ತು, ಮೂವತ್ತು. ಹೊಸದನ್ನು ಹಾಕಿದ ಮೇಲೆ ಇನ್ನೊಮ್ಮೆ. ಬ್ರಹ್ಮಾವರದಿಂದ ಬೈಂದೂರಿನ ತನಕ ಎಷ್ಟು ಅಂಗಡಿ, ಎಷ್ಟು ಶಾಲೆ ಹೀಗೆ ಓದಿ ಮುಗಿಸಿದೆವು. ಜನ ನಮ್ಮನ್ನು ಮಗ್ಗಿ ಮಾವ, ಮಗ್ಗಿ ಸೊಸೆ ಎಂದು ತಮಾಷೆ ಮಾಡುತ್ತಿದ್ದರು.

ಆ ಶನಿವಾರ ನಾನು ಜ್ವರ ಬಂದು ಮಲಗಿದ್ದೆ. ಶೆಡ್ಡಿಗೆ ಹೊಸ ಕ್ಯಾಮೆರಾ ಬಂದಿತ್ತು, ಅದಕ್ಕೆ ನಲವತ್ತು ಎಂಬ ನಂಬರು. ಆಫೀಸಿನ ಬದಿಯಲ್ಲಿ ನಾನು ಮೊದಲೇ ಹಾಕಿಟ್ಟಿದ್ದೆ. ಶೆಡ್ಡಿನ ಬದಿಯನ್ನು ನೀನು ಒಬ್ಬಳೇ ಹೋಗಿ ಹಾಕಿದೆ. ಹಾಕುವಾಗ ಆ್ಯಡ್ ಎಂಬ ಒಂದು ಶಬ್ದ ಬಿಟ್ಟುಹೋಯಿತು. ಅದಿಲ್ಲದಿದ್ದರೆ ಸ್ವಿಚ್ಚು ಹಳೆಯ ಪಟ್ಟಿಗೆ ಹೊಸದನ್ನು ಸೇರಿಸುವುದಿಲ್ಲ, ಹಳೆಯದನ್ನೆಲ್ಲ ಒರೆಸಿ ಹೊಸದೊಂದನ್ನೇ ಇಟ್ಟುಕೊಳ್ಳುತ್ತದೆ. "ಮಾವ, ಕ್ಯಾಮೆರಾ ಬಂತ್" ಎಂದು ನೀನು ಫೋನಿನಲ್ಲಿ ಕುಣಿದೆ. ಕ್ಯಾಮೆರಾ ಬಂದಿತ್ತು. ಥಂಡಿಯ ಅಳತೆ ಹೋಗಿತ್ತು. ರಾತ್ರಿ ಗಾಳಿಗೆ ಕರೆಂಟು ಹೋಗಿ ಬಂದು ಥಂಡಿ ಮೆಷಿನ್ ನಿಂತಿತು. ಅಳತೆಯೇ ಬಾರದಿದ್ದ ಮೇಲೆ ಆಫೀಸಿನ ಕಂಪ್ಯೂಟರು ಯಾರನ್ನು ಎಬ್ಬಿಸುತ್ತದೆ? ಭಾನುವಾರ ರಜೆ. ಸೋಮವಾರ ಗಿರಿಜಕ್ಕ ಬಾಗಿಲು ತೆಗೆದಾಗ ಬಂಗುಡೆ, ಅಂಜಲು ಎಲ್ಲ ಹಾಳು. ಬೋಟು ಕಡಲಿಗಿಳಿಯದ ಮಳೆಗಾಲಕ್ಕೆಂದು ಆ ಹೆಂಗಸರು ಕೂಡಿಟ್ಟ ಮೀನು.

ಕಡಲ ದಡದ ಹೊಯ್ಗೆಯಲ್ಲಿ ಹೊಂಡ ತೆಗೆದು ಮೀನು ಹೂಳುವಾಗ ಅಕ್ಕ ಎಲ್ಲರೆದುರು ಹೇಳಿದಳಂತೆ, "ಯಾರ್ನೂ ಬೈಬೇಡಿ. ಅದ್ ನನ್ ಮಗಳ್ ಮಾಡಿದ್ದ್." ನೀನು ತಲೆ ಎತ್ತಲಿಲ್ಲವಂತೆ. ನಾನು ಜ್ವರದಿಂದ ಎದ್ದು ಬರುವಷ್ಟರಲ್ಲಿ ನೀನು ಕುಂದಾಪುರದಲ್ಲಿ ಮುಂಬೈ ರೈಲು ಹತ್ತಿಯಾಗಿತ್ತು. ಒಂದು ಮಾತು ಹೇಳಲಿಕ್ಕೂ ನನಗೆ ಸಿಗಲಿಲ್ಲವಲ್ಲ ಮಗಾ.

ಆ ಮಾತು ಇಷ್ಟೇ. ಈ ಕಸುಬಿನಲ್ಲಿ ಆ್ಯಡ್ ಬಿಡದವನು ಇಲ್ಲ. ಹೋದ ತಿಂಗಳು ಬ್ರಹ್ಮಾವರದ ಬಟ್ಟೆ ಅಂಗಡಿಯೊಂದರಲ್ಲಿ ನಾನೇ ಬಿಟ್ಟೆ. ಬಿಲ್ಲಿನ ಮೆಷಿನ್ ನಿಂತಿತು, ಸರಿ ಮಾಡಿದೆ, ಧಣಿ ಚಾ ಲೋಟದಿಂದ ತಲೆಯನ್ನೂ ಎತ್ತಲಿಲ್ಲ. ಮೆಟ್ಟಿಲಿಳಿದು ಬೈಕಿನ ಹತ್ತಿರ ನಿಂತವನಿಗೆ ಅಳು ಬಂತು. ಅದೇ ಶಬ್ದ, ಅದೇ ಮರೆವು. ನನ್ನ ಕೈಯಲ್ಲಿ ಬಟ್ಟೆ ಅಂಗಡಿ ಸಿಕ್ಕಿತು, ನಿನ್ನ ಕೈಯಲ್ಲಿ ನಿನ್ನ ಅಮ್ಮನ ಮೀನು. ಬೇರೆ ವ್ಯತ್ಯಾಸ ಎಂತದೂ ಇಲ್ಲ.

ನೀನು ಹೋದ ಮೇಲೆ ಆಚೆ ತುದಿಗೆ ಜನವೇ ಇಲ್ಲ. ಪಟ್ಟಿ ಓದಿದರೆ ತಿರುಗಿ ಹೇಳುವವರಿಲ್ಲ. ಈ ವಾರ ಸಂಘದವರು ಐಸ್ ಮೆಷಿನ್ ತಂದರು, ಅದಕ್ಕೆ ಐವತ್ತು ಎಂಬ ನಂಬರು ಹಾಕಬೇಕಿತ್ತು. ನಾನು ಒಬ್ಬನೇ ಗೊಣಗುವುದನ್ನು ಕೇಳಿ ಅಕ್ಕ ಕೈ ಒರೆಸಿಕೊಂಡು ಎದ್ದಳು. "ಓದುದ್ ಅಷ್ಟೇ ಅಲ್ದಾ? ನಾ ಕೂಕಂತೆ." ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಶೆಡ್ಡಿನಲ್ಲಿ ಲ್ಯಾಪ್‌ಟಾಪಿನ ಎದುರು ಕೂತಳು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು, ಅಂಕೆಗಳಷ್ಟೇ ತಕ್ಕಡಿಯ ದೆಸೆಯಿಂದ ಗೊತ್ತು. ನಾನು ಆಫೀಸಿನಿಂದ ಫೋನಿನಲ್ಲಿ ಓದಿದೆ. ಅವಳು ಬೆರಳಿಟ್ಟು ಹುಡುಕಿ ತಿರುಗಿ ಹೇಳಿದಳು. ಹತ್ತ್. ಇಪ್ಪತ್ತ್. ಮೂವತ್ತ್. ನಲ್ವತ್ತ್.

ಐವತ್ತನ್ನು ಹಾಕಲಿಕ್ಕೆ ನಾನು ಹೊರಡುವ ಮೊದಲೇ ಅವಳು ಬಾಯಿ ಹಾಕಿದಳು.

"ಪಾಂಡು, ಎಂತ ಬೇಕಾರೂ ಹಾಕ್. ಈ ನಲ್ವತ್ತ್ ಮಾತ್ರ ಹೋಪುಕಾಗ. ಅದ್ ನನ್ ಮಗಳ್ ಹಾಕಿದ್ದ್."

ಶರಣ್ಯಾ, ಹೊಂಡದ ಬದಿಯಲ್ಲಿ ಹೇಳಿದ್ದೂ ಇದೇ ಬಾಯಿ, ಇದೇ ಸ್ವರ. ನೀನು ಅದನ್ನು ದೂರು ಎಂದು ತಲೆಯ ಮೇಲೆ ಹೊತ್ತುಕೊಂಡು ಹೋದೆ. ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ, ಕೇಳುವ ಜಾತಿಯೂ ನೀನಲ್ಲ. ಅಕ್ಕ ಮಾತ್ರ ಶೆಡ್ಡಿನ ಆ ಕುರ್ಚಿಯನ್ನು ದಿನಾ ಒರೆಸಿ ಇಡುತ್ತಾಳೆ. ತಾನು ಅದರಲ್ಲಿ ಕೂರುವುದು ನೀನು ಬರುವ ತನಕ ಮಾತ್ರವಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕೈ ಹಾಕಿದ ಕೆಲಸವೆಲ್ಲ ನೆಲೆಯಾಗಲಿ ಮಗಾ.

ಈಚೆ ತುದಿಯಲ್ಲಿ ಓದುತ್ತಲೇ ಇರುವ,
ನಿನ್ನ ಪಾಂಡು ಮಾವ