ಸೊನ್ನೆಯ ಆಚೆಗೆ ಮೂರು ಸೆಂಟಿಮೀಟರ್

ವಿಂಡ್ವರ್ಡ್, ಕ್ಯಾರಿಯಕೂ
9 ಫೆಬ್ರವರಿ 1997, ಭಾನುವಾರ

ಬಾರ್ಬಡೋಸಿನಲ್ಲಿ ಕುಳಿತು ನನ್ನ ಮೇಲೆ ಹಲ್ಲು ಕಡಿಯುತ್ತಿರುವ ನನ್ನ ಅಮ್ಮನಿಗೆ,

ತಾತನ ಕೆಮ್ಮು ಕಡಿಮೆಯಾಗಿದೆ. ಮತ್ತೆ ದೋಣಿ ಇಳಿಸುತ್ತೇನೆಂದು ಹಟ ಹಿಡಿದಿದ್ದಾರೆ.

ಭೌತಶಾಸ್ತ್ರದ ಪರೀಕ್ಷೆಗೆ ನನ್ನ ಹೆಸರು ಹೋಗದಿದ್ದರೆ ಶಾಲೆ ಬಿಟ್ಟು ನಿನ್ನ ಹೋಟೆಲಿಗೆ ಕೆಲಸಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ಹೋದ ವಾರ ಅದು ನಿಜವಾಗುವುದರಲ್ಲಿತ್ತು.

ಭೌತಶಾಸ್ತ್ರದ ಬೆಥೆಲ್ ಸರ್ ಲೋಲಕದ ಪ್ರಯೋಗ ಕೊಟ್ಟಿದ್ದರು. ದಾರಕ್ಕೆ ಭಾರ ಕಟ್ಟಿ ತೂಗಾಡಿಸಬೇಕು, ಒಂದು ಸಲ ಹೋಗಿಬರಲು ಎಷ್ಟು ಹೊತ್ತು ಎಂದು ನೋಡಬೇಕು. ನಾನು ತಾತನ ಗಾಳದ ದಾರ, ಅದರ ಸೀಸದ ಗುಂಡು ಎರಡನ್ನೂ ಒಯ್ದಿದ್ದೆ. ಉದ್ದ ಹೆಚ್ಚಿದಂತೆ ಹೊತ್ತೂ ಹೆಚ್ಚಿತು, ಆದರೆ ಗ್ರಾಫಿನಲ್ಲಿ ಗೆರೆ ಬಾಗಿಕೊಂಡು ಹೋಯಿತು. ಸರ್ ಹೇಳಿದರು, “ಹೊತ್ತನ್ನ ಅದರಿಂದಲೇ ಗುಣಿಸಿ ಹಾಕು, ನೋಡೋಣ.” ಗುಣಿಸಿ ಹಾಕಿದೆ. ಅಮ್ಮಾ, ಐದು ಚುಕ್ಕೆಗಳೂ ಒಂದೇ ನೇರಕ್ಕೆ ಬಂದು ನಿಂತವು! ಅಳತೆಪಟ್ಟಿ ಇಟ್ಟು ಗೆರೆ ಎಳೆದೆ. ಆ ಬಾಗಿದ ಗೆರೆಯೊಳಗೆ ಈ ನೇರ ಗೆರೆ ಮೊದಲಿನಿಂದಲೂ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೆ.

ಆದರೆ ಗೆರೆ ಸೊನ್ನೆಯ ಮೂಲಕ ಹಾಯಲಿಲ್ಲ, ಸ್ವಲ್ಪ ಮೇಲಿನಿಂದ ಹೊರಟಿತು, ಎಂದರೆ ಉದ್ದ ಸೊನ್ನೆಯಿದ್ದರೂ ಒಂದಿಷ್ಟು ಹೊತ್ತು ತೋರಿಸುತ್ತಿತ್ತು. ಸರ್ ಹುಬ್ಬು ಗಂಟಿಕ್ಕಿದರು. “ದಾರವೇ ಇಲ್ಲದ ಲೋಲಕ ಹೇಗಮ್ಮ ತೂಗಾಡುತ್ತೆ? ಕಾರಣ ಹುಡುಕಿಕೊಂಡು ಬಾ. ಶುಕ್ರವಾರದೊಳಗೆ ಸಿಗಲಿಲ್ಲ ಅಂದ್ರೆ ಹೆಸರು ಕಳಿಸಲ್ಲ.”

ನನ್ನ ಜೊತೆ ಪ್ರಯೋಗ ಮಾಡುವ ರೊಸಾಂಡ ನಕ್ಕಳು. “ನೀನೊಬ್ಬಳು ಪೆದ್ದಿ ಕಣೇ. ಅಂಕಿ ಚೂರು ಕಮ್ಮಿ ಮಾಡು, ತಾನಾಗೇ ಸೊನ್ನೆಗೆ ಬರುತ್ತೆ. ಎಲ್ಲರೂ ಅದೇ ಮಾಡಿರೋದು.” ರಬ್ಬರ್ ಕೈಗೆತ್ತಿಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಚೆಂದದ ಗೆರೆಯನ್ನು ಅಳಿಸಲು ಮನಸ್ಸು ಬರಲಿಲ್ಲ.

ಗುರುವಾರ ಶಾಲೆಯಿಂದ ಬಂದು ಅದನ್ನು ಹಿಂದಕ್ಕೆ, ಸೊನ್ನೆಯ ಆಚೆಗೆ ಎಳೆದೆ. ಉದ್ದವನ್ನು ಗುರುತಿಸಿದ್ದ ಅಡ್ಡ ಗೆರೆಯನ್ನು ಅದು ಸೊನ್ನೆಯಿಂದ ಮೂರು ಸೆಂಟಿಮೀಟರ್ ಆಚೆ ಮುಟ್ಟಿತು. ಯಾವ ಮೂರು ಸೆಂಟಿಮೀಟರ್ ನಾನು ಬಿಟ್ಟೆ?

ಅಂಗಳದಲ್ಲಿ ತಾತ ಹೊಸ ದಾರ ಅಳೆಯುತ್ತಿದ್ದರು, ಗಂಟಿನಿಂದ ಗಂಟಿಗೆ. ಗುಂಡನ್ನು ಯಾಕೆ ಅಳೆಯುವುದಿಲ್ಲ ಎಂದು ಕೇಳಿದೆ. “ಮೀನು ಸೀಸ ಕಚ್ಚುತ್ತದೇನೇ? ಅದನ್ನ ಯಾರು ಅಳೀತಾರೆ!” ಎಂದರು. ನಾನೂ ಹಾಗೆಯೇ, ಗುಂಡು ಬಿಟ್ಟು ಬರೀ ದಾರ ಅಳೆದಿದ್ದೆ! ಲೋಲಕದ ಉದ್ದಕ್ಕೆ ಗುಂಡಿನ ಭಾರದ ನಡುವಿನವರೆಗೂ ಸೇರಬೇಕಿತ್ತು. ಈ ಊರಿನಲ್ಲಿ ಹುಟ್ಟಿದವರಿಗೆ ಬೇರೆ ರೀತಿಯಲ್ಲಿ ಅಳೆಯುವುದು ಹೊಳೆಯುವುದೇ ಇಲ್ಲ. ಓಡಿಹೋಗಿ ನನ್ನ ಗುಂಡನ್ನು ಚಾಕುವಿನ ಅಂಚಿನ ಮೇಲೆ ಸಮತೂಕಕ್ಕೆ ನಿಲ್ಲಿಸಿ, ಗಂಟಿನಿಂದ ಅಲ್ಲಿಗೆ ಅಳೆದೆ. ಸರಿಯಾಗಿ ಮೂರು.

ನನಗೇ ಗೊತ್ತಿರದ ತಪ್ಪು ಆ ಗೆರೆಗೆ ಗೊತ್ತಿತ್ತು. ತಾತನಿಗೆ ತೋರಿಸಿದೆ. ಅವರು ಟೋಪಿ ತೆಗೆದು ಹಾಳೆಯನ್ನು ಬಹಳ ಹೊತ್ತು ನೋಡಿದರು. “ಅರವತ್ತು ವರ್ಷ ನಾನು ಬಿಟ್ಟಿದ್ದನ್ನ ಒಂದು ಕಾಗದ ಹಿಡಿದುಕೊಡ್ತಲ್ಲೇ,” ಎಂದರು.

ಶುಕ್ರವಾರ ಸರ್ ಆ ಮೂರು ಸೆಂಟಿಮೀಟರನ್ನು ತಾವೇ ಅಳೆದು ನೋಡಿದರು. ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ಲೋಕದಲ್ಲಿ ಇಂಥವು ಇನ್ನೆಷ್ಟು ಇವೆಯೋ ಅಮ್ಮಾ! ನಾನು ಓದಬೇಕು. ನಿನಗೆ ಸಿಟ್ಟು ಬಂದರೂ ಓದಬೇಕು.

ನಿನ್ನ ಹಟಮಾರಿ,
ಜವೆಲ್

ಮರೆತೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಹೆದರಿಕೆಯಾಗಿತ್ತು: ಪರೀಕ್ಷೆಯ ಅರ್ಜಿಗೆ ನಿನ್ನ ಸಹಿ ಬೇಕಿತ್ತು, ಶುಕ್ರವಾರವೇ ಕೊನೆಯ ದಿನ. ನಾನೇ ಹಾಕಿದೆ, ಥೇಟ್ ನಿನ್ನ ಕೈಬರಹ. ಇಷ್ಟರಲ್ಲಿ ಸುಳ್ಳು ಅದೊಂದೇ. ಬೇಡವೆನಿಸಿದರೆ ಸರ್‌ಗೆ ಒಂದು ಸಾಲು ಬರೆ, ಹೆಸರು ಹೊಡೆದುಹಾಕುತ್ತಾರೆ. ಬೇಕೆನಿಸಿದರೆ ಈ ಕಾಗದದ ಕೆಳಗೆ ನಿನ್ನ ಕೈಯಾರೆ ಸಹಿ ಹಾಕಿ ವಾಪಸ್ ಕಳಿಸು. ಜಾಗ ಬಿಟ್ಟಿದ್ದೇನೆ.