ಹಸಿದ ಇಲಿಗಳ ಪುಟ

ಮಲಪ್ರಭೆಯ ದಂಡೆ,
ಶ್ರಾವಣದ ಮೂವತ್ತೇಳನೆಯ ದಿನ, 2261

ಪ್ರೀತಿಯ ದಾನೇಶ್ವರಿ ಅಜ್ಜಿಗೆ,

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ನಿಮಗೀಗ ಇಪ್ಪತ್ತೇಳು ವರ್ಷ, ನನಗೆ ಅರವತ್ತೊಂದು. ಆದರೂ ನೀವು ನನಗಿಂತ ಎಂಟು ತಲೆಮಾರು ಹಿಂದಿನವರು, ಅಜ್ಜಿ ಎನ್ನದೆ ಏನೆನ್ನಲಿ? ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಇಲ್ಲಿಯ ವಸತಿಶಾಲೆಯಲ್ಲಿ ‘ಒಡಲೋದುಗಿತ್ತಿ’. ಅಂದರೆ ಹದಿನೈದು ದಿನಕ್ಕೊಮ್ಮೆ ಪ್ರತಿ ಮಗುವಿನ ಬಲಪಕ್ಕೆಲುಬಿನ ಕೆಳಗೆ ಅಂಗೈಯಗಲದ ಬಿಲ್ಲೆಯೊಂದನ್ನಿಟ್ಟು, ಯಕೃತ್ತಿನಲ್ಲಿ ಆರ್‌ಎನ್‌ಎ ಎಷ್ಟು ತಯಾರಾಗುತ್ತಿದೆ ಎಂದು ಓದುವವಳು. ಬಿಲ್ಲೆ ತಣ್ಣಗಿರುತ್ತದೆ, ಮೊದಲು ಸೆರಗಿನಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತೇನೆ. ಆದರೂ ಮಕ್ಕಳು ಕಚಗುಳಿಯಾಗಿ ನಗುತ್ತವೆ. ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಕಳಿಸುತ್ತದೆ. ಯಕೃತ್ತು ಅದನ್ನು ಕೇಳಿಸಿಕೊಂಡು, ತನ್ನ ಡಿಎನ್‌ಎಯನ್ನು ಇದ್ದ ಹಾಗೇ ಇಟ್ಟುಕೊಂಡು, ಅದರಿಂದ ಆರ್‌ಎನ್‌ಎ ಪ್ರತಿಗಳನ್ನು ಹೆಚ್ಚುಹೆಚ್ಚಾಗಿ ತೆಗೆಯುತ್ತದೆ. ಮಗು ಬೆಳೆಯುತ್ತದೆ. ಇದನ್ನು ನಿಮಗೆ ಹೇಳುವುದು ಅಧಿಕಪ್ರಸಂಗ. ನೀವು ಸಂಶೋಧನೆಗೆಂದು ಇಲಿಗಳಲ್ಲಿ ಅಳೆಯುತ್ತಿರುವುದು ಅದನ್ನೇ. ನಮ್ಮ ಬಿಲ್ಲೆ ಎಷ್ಟು ನಿಖರವೆಂದರೆ, ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂದು ನೋಡುವುದನ್ನೇ ಬಿಟ್ಟು ಮೂರು ತಲೆಮಾರಾಯಿತು. ಬಿಲ್ಲೆಯ ಓದು ಕಡಿಮೆ ಬಂದರೆ ಹಾರ್ಮೋನು ಕಡಿಮೆ ಎಂದರ್ಥ, ಚುಚ್ಚಿ ಕೊಡಿ. ಇದು ನಿಯಮ.

ಮಳೆಗಾಲದ ಮೊದಲಿಗೆ ಉಪ್ಪಿನಹಟ್ಟಿಯಿಂದ ನಿಂಬೆವ್ವ ಎಂಬ ಎಂಟು ವರ್ಷದ ಹುಡುಗಿ ಬಂದಳು. ಅವಳ ಯಕೃತ್ತಿನ ಓದು ತೀರಾ ಕೆಳಗಿತ್ತು. ಚುಚ್ಚುಮದ್ದು ಶುರುವಾಯಿತು, ಓದು ಏರಲಿಲ್ಲ, ತೂಕ ಇಳಿಯಿತು. ವೈದ್ಯರು ಮದ್ದನ್ನು ಇಮ್ಮಡಿ ಮಾಡಲು ಹೊರಟರು. ಅಡುಗೆಯ ಫಕೀರವ್ವ ಬಾಗಿಲಲ್ಲೇ ನಿಂತು, “ಸೂಜಿ ಆಮ್ಯಾಲ ಚುಚ್ಚೀರಂತ. ಹುಡುಗಿ ಉಣ್ಣತೈತೇನು, ಯಾರರ ನೋಡೀರೇನು?” ಎಂದಳು. ವೈದ್ಯರು ನಕ್ಕರು. ತಟ್ಟೆ ದಿನವೂ ಖಾಲಿಯಾಗಿಯೇ ಬರುತ್ತಿದೆಯಲ್ಲ, ಅಷ್ಟಕ್ಕೂ ಹಸಿವಿಗೂ ಈ ಓದಿಗೂ ಏನು ಸಂಬಂಧ ಎಂದರು.

ಆ ಪ್ರಶ್ನೆಗೆ ಉತ್ತರ ನಿಮ್ಮ ನೋಟುಬುಕ್ಕಿನಲ್ಲಿತ್ತು. ನಮ್ಮ ಮನೆಯಲ್ಲಿ ಅದು ತಾಯಿಯಿಂದ ಮಗಳಿಗೆ ಬಂದಿದೆ. ಐವತ್ತೆರಡನೆಯ ಪುಟ: ಮೂರನೆಯ ಪಂಜರದ ಇಲಿಗಳಿಗೆ ಎರಡು ದಿನ ಆಹಾರ ಹಾಕಲು ನೀವು ಮರೆತಿರಿ. ಹಾರ್ಮೋನನ್ನು ಉಳಿದವಕ್ಕೆ ಕೊಟ್ಟಷ್ಟೇ ಕೊಟ್ಟಿರಿ. ಯಕೃತ್ತಿನ ಆರ್‌ಎನ್‌ಎ ಏರಲೇ ಇಲ್ಲ. ಕೆಳಗೆ ‘ನನ್ನ ತಪ್ಪು. ಪಾಪ, ಹಸಿದಿದ್ದವು’ ಎಂದು ಬರೆದಿದ್ದೀರಿ. ಹಸಿದ ಯಕೃತ್ತಿಗೆ ಹಾರ್ಮೋನಿನ ಮಾತು ಕೇಳಿಸುವುದಿಲ್ಲ. ಪುಟವನ್ನು ವೈದ್ಯರ ಮುಂದಿಟ್ಟೆ. ಅವರು ಎರಡು ಸಲ ಓದಿ, ಮದ್ದು ನಿಲ್ಲಿಸಿ, ಮೂರು ದಿನದ ಮೇಲೆ ರಕ್ತ ತೆಗೆಸಿದರು. ನಿಂಬೆವ್ವನ ಸ್ವಂತ ಹಾರ್ಮೋನೇ ಬೇಕಾದ್ದಕ್ಕಿಂತ ಹೆಚ್ಚಿತ್ತು.

ಅವಳ ಹಟ್ಟಿಯಲ್ಲಿ ಯಾರಾದರೂ ಹೆಸರು ಹಿಡಿದು ಕರೆಯದೆ ಮಕ್ಕಳು ಉಣ್ಣುವುದಿಲ್ಲವಂತೆ. ನಮ್ಮಲ್ಲಿ ಗಂಟೆ ಬಾರಿಸುತ್ತೇವೆ. ಅವಳು ತನ್ನ ಪಾಲಿನ ಬಹುಭಾಗವನ್ನು ಪಕ್ಕದವರ ತಟ್ಟೆಗೆ ಹಾಕಿ, ಕರೆಗಾಗಿ ಕಾಯುತ್ತ ಕೂತಿರುತ್ತಿದ್ದಳು. ಕೇಳಿದರೆ, “ನನ್ನ ಯಾರೂ ಕರೀಲೇ ಇಲ್ಲಲ್ಲ” ಎಂದಳು. ಈಗ ಫಕೀರವ್ವ ಹೊತ್ತುಹೊತ್ತಿಗೆ ಅಂಗಳದಲ್ಲಿ ನಿಂತು, “ನಿಂಬೀ, ಉಣ್ಣಾಕ ಬಾರವಾ” ಎಂದು ಕೂಗುತ್ತಾಳೆ. ಒಂದೇ ತಿಂಗಳಲ್ಲಿ ಓದು ಸರಿಹೋಯಿತು. ತೊಂದರೆಯೆಂದರೆ, ಈಗ ಉಳಿದ ಮಕ್ಕಳೂ ಹೆಸರು ಕರೆಯದೆ ಏಳುವುದಿಲ್ಲ. ಫಕೀರವ್ವ ದಿನಕ್ಕೆರಡು ಸಲ ನೂರಾ ಹನ್ನೆರಡು ಹೆಸರು ಕೂಗಿ, ನನ್ನನ್ನು ಬೈಯುತ್ತಾಳೆ.

ಆ ಪುಟವನ್ನು ಪ್ರಬಂಧದಿಂದ ಕೈಬಿಡಲು ನಿಮ್ಮ ಗೈಡು ಹೇಳಿದ್ದಾರೆಂದು ಅಂಚಿನಲ್ಲಿ ಬರೆದಿದ್ದೀರಿ. ಕೈಬಿಡಿ. ನಾಚಿಕೆಯಾದರೆ ಅಡ್ಡಗೆರೆಯನ್ನೂ ಎಳೆಯಿರಿ. ಗೆರೆಯ ಅಡಿಯ ಅಕ್ಷರ ನನಗೆ ಕಾಣುತ್ತದೆ. ಹರಿಯಬೇಡಿ, ಅಜ್ಜಿ. ನನ್ನ ಕೈಯಲ್ಲಿರುವ ಪುಟದ ಮೇಲಂಚು ಒಂದು ಬೆರಳಿನಷ್ಟು ಹರಿದಿದೆ, ಅಲ್ಲಿಗೆ ನಿಂತಿದೆ. ಅಲ್ಲೇ ಯಾಕೆ ನಿಲ್ಲಿಸಿದಿರೋ ನನಗೆ ತಿಳಿಯದು. ನೀವು ಹರಿಯತೊಡಗಿದ ಆ ಹೊತ್ತಿಗೇ ಈ ಕಾಗದ ನಿಮ್ಮ ಕೈ ಸೇರಲಿ.

ನಿಮ್ಮ,
ಚೆನ್ನಗಂಗೆ