ರಜೆ ಅರ್ಜಿ ವಾಪಸ್

ಮಾನ್ಯ ಮುಖ್ಯೋಪಾಧ್ಯಾಯರಿಗೆ,

ಸೋಮವಾರದ ಮೌಖಿಕ ಪರೀಕ್ಷೆಗೆಂದು ಕೇಳಿದ್ದ ರಜೆಯ ಅರ್ಜಿಯನ್ನು ವಾಪಸ್ ಪಡೆಯುತ್ತಿದ್ದೇನೆ. "ಇಬ್ರೂ ಪರೀಕ್ಷೆಗೆ ಕೂತ್ರೆ ಸ್ಕೂಲ್ ನೋಡೋರ್ಯಾರು ಮೇಡಂ?" ಎಂದಿರಿ. ಸರಿ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ ಆಸೆಪಟ್ಟು ಸೇರಿದ ಆನ್‌ಲೈನ್ ಎಂ.ಎಡ್.ನ ಮೊದಲ ಸೆಮಿಸ್ಟರೇ ನನಗೆ ಕೈತಪ್ಪಿತು.

ತಾವೂ ಅದಕ್ಕೇ ಸೇರಿದ ದಿನ, "ನಂದೂ ಬರೆದುಬಿಡಿ, ನಿಮಗೆ ನೀರು ಕುಡಿದಷ್ಟು ಸುಲಭ" ಎಂದು ಪಾಸ್‌ವರ್ಡಿನ ಚೀಟಿ ಕೊಟ್ಟಿರಿ. ತಮ್ಮ ಅಸೈನ್‌ಮೆಂಟುಗಳನ್ನೆಲ್ಲ ನಾನೇ ಬರೆದೆ. ರಜೆ ಇಲ್ಲವೆಂದ ದಿನವೇ ಕೊನೆಯ ಪ್ರಬಂಧವನ್ನು ತಮ್ಮ ಮೇಜಿಗೆ ತಂದೆ. "ಓದೋದೇನಿದೆ, ನೀವು ಬರೆದಿದ್ದಲ್ವಾ?" ಎಂದು ಸಹಿ ಹಾಕಿದಿರಿ. ಅದನ್ನು ತಮ್ಮ ಖಾತೆಯಿಂದ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೇನೆ.

ಸೋಮವಾರ ಹತ್ತು ಗಂಟೆಗೆ ತಮ್ಮ ಕೋಣೆಯ ಹತ್ತಿರ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳುತ್ತೇನೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಕ್ಯಾಮೆರಾದಲ್ಲಿ ಮುಖ ಕಪ್ಪಾಗಿ ಕಾಣುತ್ತದೆ. ಬಿಡುವಾದರೆ ಆ ಪ್ರಬಂಧದ ಹನ್ನೆರಡನೇ ಪುಟವನ್ನು ಒಮ್ಮೆ ಓದಿಕೊಳ್ಳಿ. 'ಇದರಲ್ಲಿ ಒಂದಕ್ಷರವನ್ನೂ ನಾನು ಬರೆದಿಲ್ಲ, ನನ್ನ ಕೈಕೆಳಗಿನ ಶಿಕ್ಷಕಿಯಿಂದ ಬರೆಸಿದ್ದೇನೆ' ಎಂದು ಅಲ್ಲಿದೆ. ಪರೀಕ್ಷಕರು ಆ ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ. ತಮ್ಮ ಪಾಸ್‌ವರ್ಡ್ ನನ್ನ ಹತ್ತಿರವೇ ಇರುವುದರಿಂದ ತಮಗಿನ್ನೂ ಗೊತ್ತಿಲ್ಲ.

ಐದನೇ ತರಗತಿಯಿಂದ,
ತಮ್ಮ ಕೈಕೆಳಗಿನ ಶಿಕ್ಷಕಿ